ತಾರಸಿಯ ಮೇಲೊಂದು ತಂತಿಗೆ ಜಾಗವಿರಲಿ

ಭೂಕಂಪ, ಚಂಡಮಾರುತ, ಪ್ರವಾಹಗಳು ಎರಗಿದಾಗಲೆಲ್ಲ ‘ಹ್ಯಾಮ್ ರೇಡಿಯೊ’ ಎಂಬ ಪದ ಒಂದೆರಡು ದಿನ ಸುದ್ದಿಯಲ್ಲಿರುತ್ತದೆ. ದೂರವಾಣಿ ಸ್ತಬ್ಧಗೊಂಡ ಊರಿನಿಂದ ಯಾರೋ ಹವ್ಯಾಸಿಗಳು ಸಂದೇಶ ರವಾನಿಸಿದರೆಂದು ಓದಿ ನಾವು ಮೆಚ್ಚಿಕೊಳ್ಳುತ್ತೇವೆ. ನೀರು ಇಳಿಯುತ್ತದೆ, ಸುದ್ದಿಯೂ ಇಳಿಯುತ್ತದೆ. ಅದೇ ಹವ್ಯಾಸಿ ನಗರಕ್ಕೆ ಮರಳಿ, ತಾನು ವಾಸಿಸುವ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಒಂದು ತಂತಿ ಕಟ್ಟಲು ಅನುಮತಿ ಕೇಳಿದರೆ ಮಾತ್ರ ಸಿಗುವ ಉತ್ತರ ಬೇರೆಯೇ. ವಿಪತ್ತಿನ ದಿನ ಬೇಕಾಗುವ ರೇಡಿಯೊ ಕೇಂದ್ರ ಉಳಿದ ದಿನಗಳಲ್ಲಿ ಎಲ್ಲಿರಬೇಕು ಎಂಬ ಪ್ರಶ್ನೆಯನ್ನು ನಮ್ಮ ನಗರಗಳು ಗಂಭೀರವಾಗಿ ಕೇಳಿಕೊಂಡೇ ಇಲ್ಲ.

ಪರಿಚಯವಿಲ್ಲದವರಿಗಾಗಿ ಒಂದು ಮಾತು. ಹವ್ಯಾಸಿ ರೇಡಿಯೊ ಎಂದರೆ ಆಕಾಶವಾಣಿಯಂತೆ ಕಾರ್ಯಕ್ರಮ ಪ್ರಸಾರ ಮಾಡುವುದಲ್ಲ. ಲಾಭದ ಉದ್ದೇಶವಿಲ್ಲದ ವ್ಯಕ್ತಿಗಳು ತಮಗೆಂದೇ ಗೊತ್ತುಪಡಿಸಿದ ತರಂಗಾಂತರಗಳಲ್ಲಿ ಪರಸ್ಪರ ಮಾತನಾಡುವುದು. ನಡುವೆ ಮೊಬೈಲ್ ಗೋಪುರ ಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ, ಯಾವ ಕಂಪನಿಯ ಸೇವೆಯೂ ಬೇಕಿಲ್ಲ. 12 ವರ್ಷ ದಾಟಿದವರು ಯಾರೇ ಆಗಲಿ, ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ‘ವಿಯು2’ ಅಥವಾ ‘ವಿಯು3’ ಎಂದು ಆರಂಭವಾಗುವ ಕರೆಸಂಕೇತ ಪಡೆಯಬಹುದು. ಮಾಜಿ ಪ್ರಧಾನಿ ರಾಜೀವ್ ಗಾಂಧಿಯವರೂ ವಿಯು2ಆರ್‌ಜಿ ಎಂಬ ಸಂಕೇತ ಪಡೆದಿದ್ದ ಹವ್ಯಾಸಿಯೇ. ಬೆಂಗಳೂರಿನಲ್ಲಂತೂ ಈ ಹವ್ಯಾಸಕ್ಕೆ ದಶಕಗಳ ಪರಂಪರೆ ಇದೆ.

ಇಂಥದೊಂದು ಕೇಂದ್ರದ ಉಪಕರಣಗಳೆಲ್ಲ ಒಂದು ಮೇಜಿನ ಮೇಲೆ ಹಿಡಿಸುತ್ತವೆ: 100 ವಾಟ್‌ನ ಒಂದು ಟ್ರಾನ್ಸೀವರ್, 13.8 ವೋಲ್ಟ್‌ನ ಪವರ್ ಸಪ್ಲೈ, ವಿದ್ಯುತ್ ಕೈಕೊಟ್ಟಾಗ ಒದಗುವ ಬ್ಯಾಟರಿ, ಸಂಪರ್ಕಗಳನ್ನು ಬರೆದಿಡುವ ಒಂದು ಪುಸ್ತಕ. ಕೋಣೆಯೊಳಗೆ ಬಚ್ಚಿಡಲಾಗದ ಅಂಗವೆಂದರೆ ಆಂಟೆನಾ ಒಂದೇ. ಅದರ ಅಳತೆಯನ್ನು ನಿರ್ಧರಿಸುವುದು ನಮ್ಮ ಇಷ್ಟಾನಿಷ್ಟವಲ್ಲ, ಭೌತವಿಜ್ಞಾನ. 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಮಾತನಾಡಲು ಬೇಕಾದ ಸರಳ ಡೈಪೋಲ್ ಸುಮಾರು 20 ಮೀಟರ್ ಉದ್ದದ ತಂತಿ. 14 ಮೆಗಾಹರ್ಟ್ಸ್‌ಗಾದರೆ ಅದರ ಅರ್ಧ. ನಡುವೆ ಒಂದು ಕಂಬ, ಎರಡು ತುದಿಗಳಿಗೆ ಹಗ್ಗ, ಕೆಳಗಿಳಿಯುವ ಒಂದು ಕೇಬಲ್. ತಗ್ಗಿನಲ್ಲಿ ಕಟ್ಟಿದ ಇಂಥ ತಂತಿ ತನ್ನ ಅಲೆಗಳನ್ನು ಬಹುಮಟ್ಟಿಗೆ ಮೇಲ್ಮುಖವಾಗಿ ಕಳುಹಿಸುತ್ತದೆ. ಅವು ಅಯಾನುಗೋಳಕ್ಕೆ ತಾಕಿ ಸುತ್ತಲಿನ ಕೆಲವು ನೂರು ಕಿಲೊಮೀಟರ್ ಪ್ರದೇಶದ ಮೇಲೆ ಮರಳಿ ಇಳಿಯುತ್ತವೆ. ಘಟ್ಟದ ಸಾಲುಗಳು ಅಡ್ಡವಿದ್ದರೂ ಬೆಂಗಳೂರಿನಿಂದ ಹಗಲು ಹೊತ್ತಿನಲ್ಲಿ ಮಡಿಕೇರಿಗೋ ಕಾರವಾರಕ್ಕೋ ಮಾತು ಮುಟ್ಟಿಸಲು ಸಾಮಾನ್ಯವಾಗಿ ಇಷ್ಟು ಸಾಕು. ಅಂದರೆ, ರಾಜ್ಯದೊಳಗಿನ ತುರ್ತು ಸಂಪರ್ಕಕ್ಕೆ ಬೇಕಾದದ್ದು ಮುಗಿಲು ಮುಟ್ಟುವ ಗೋಪುರವಲ್ಲ, ಬಟ್ಟೆ ಒಣಗಿಸುವ ತಂತಿಗಿಂತ ಹೆಚ್ಚು ಎದ್ದುಕಾಣದ ಒಂದು ಎಳೆ.

ಗೋಪುರ ಬೇಕಾಗುವುದು ಬೇರೆ ಕೆಲಸಗಳಿಗೆ. ಖಂಡಾಂತರ ಸಂಪರ್ಕಕ್ಕೆ ಅಲೆಗಳು ದಿಗಂತದ ಕಡೆಗೆ ಕಿರುಕೋನದಲ್ಲಿ ಹೊರಡಬೇಕು. ಅದಕ್ಕೆ ಆಂಟೆನಾವನ್ನು ಅರ್ಧ ತರಂಗದೂರದಷ್ಟಾದರೂ ಎತ್ತರಿಸಬೇಕು. 144 ಮೆಗಾಹರ್ಟ್ಸ್‌ನ ಪಟ್ಟಿಯಲ್ಲಿ ಅಲೆಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸಾಗುವುದರಿಂದ ಎತ್ತರವೇ ಬಂಡವಾಳ. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಅಗ್ಗದ ಎಲ್‌ಇಡಿ ದೀಪಗಳು, ಚಾರ್ಜರ್‌ಗಳು, ಇನ್ವರ್ಟರ್‌ಗಳು ಹೊಮ್ಮಿಸುವ ರೇಡಿಯೊ ಗದ್ದಲದಲ್ಲಿ ದೂರದ ಕ್ಷೀಣ ದನಿ ಕರಗಿಹೋಗುತ್ತದೆ. ಆಂಟೆನಾ ಮನೆಗಳಿಂದ ದೂರ ಸರಿದಷ್ಟೂ ಕೇಳುವ ಶಕ್ತಿ ಹೆಚ್ಚುತ್ತದೆ. ಬಾಲ್ಕನಿಯಲ್ಲೇ ಇಟ್ಟುಕೊಳ್ಳಿ ಎನ್ನುವವರಿಗೆ ಈ ಸಂಗತಿ ತಿಳಿದಿರುವುದಿಲ್ಲ.

ಸ್ವಂತ ಮನೆಯ ತಾರಸಿಯ ಮೇಲೆ 9 ಮೀಟರ್ ಎತ್ತರದ ಗೋಪುರವೊಂದನ್ನು ನಿಲ್ಲಿಸಿ ಹಲವು ವರ್ಷ ನೋಡಿಕೊಂಡವನು ನಾನು. ಅದನ್ನು ಎಬ್ಬಿಸಿ ನಿಲ್ಲಿಸಿದ್ದು ಗೆಳೆಯರೊಡನೆ ಒಂದು ಭಾನುವಾರ. ಬೀಳದಂತೆ ಕಾಪಾಡಿದ್ದು ಪ್ರತಿ ವರ್ಷವೂ. ಗಾಳಿಯ ವೇಗ ಇಮ್ಮಡಿಯಾದರೆ ಗೋಪುರದ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಮೂರು ದಿಕ್ಕಿಗೆ ಬಿಗಿದ ಆಧಾರ ತಂತಿಗಳನ್ನು ಇಟ್ಟಿಗೆಯ ಕೈಪಿಡಿ ಗೋಡೆಗೆ ಕಟ್ಟದೆ ಕಟ್ಟಡದ ಕಾಂಕ್ರೀಟ್ ಕಂಬಗಳಿಂದ ಎತ್ತಿದ ಕೊಂಡಿಗಳಿಗೇ ಕಟ್ಟಬೇಕು. ಏಪ್ರಿಲ್‌ನ ಗುಡುಗು ಮಳೆಗೆ ಮುನ್ನ ಒಮ್ಮೆ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಪ್ರತಿ ಬೋಲ್ಟನ್ನೂ ಮುಟ್ಟಿ ನೋಡಬೇಕು, ತುಕ್ಕು ಉಜ್ಜಿ ಬಣ್ಣ ಹಚ್ಚಬೇಕು. ಕೇಬಲ್ ಜೋಡಣೆಯೊಳಗೆ ಒಂದು ಹನಿ ನೀರು ಇಳಿದರೂ ಕಳುಹಿಸಿದ ಶಕ್ತಿ ಆಂಟೆನಾ ತಲುಪದೆ ಹಿಂದಿರುಗುತ್ತದೆ. ಅದನ್ನು ಅಳೆಯುವ ಮೀಟರನ್ನು ಆಗಾಗ ಗಮನಿಸಬೇಕು. ಗೋಪುರವನ್ನು ಭೂಸಂಪರ್ಕದ ಗುಂಡಿಗೆ ತಾಮ್ರದ ಪಟ್ಟಿಯಿಂದ ಜೋಡಿಸಿ, ಬೇಸಿಗೆಯಲ್ಲಿ ಆ ಗುಂಡಿ ಒಣಗದಂತೆ ನೋಡಿಕೊಳ್ಳಬೇಕು. ಆಕಾಶದಲ್ಲಿ ಮೋಡ ಗುಡುಗಿದೊಡನೆ ಕೇಬಲನ್ನು ಉಪಕರಣದಿಂದ ಕಳಚಬೇಕು. ಇದರಲ್ಲಿ ರೋಮಾಂಚನವಿಲ್ಲ, ಶ್ರದ್ಧೆಯಿದೆ. ಈ ಶ್ರದ್ಧೆಯಿಲ್ಲದ ಕೇಂದ್ರ ಬೇಕೆಂದ ದಿನ ಮಾತನಾಡುವುದಿಲ್ಲ.

ಬೇಕೆಂದ ದಿನ ಯಾವುದು ಎಂಬುದು ಮೊದಲೇ ತಿಳಿಯುವುದಿಲ್ಲ ಎನ್ನುವುದೇ ಇಲ್ಲಿನ ಮುಖ್ಯ ಅಂಶ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ನೇತೃತ್ವದ ಹವ್ಯಾಸಿಗಳ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದು ಪರಿಹಾರ ಕಾರ್ಯಕ್ಕಲ್ಲ. ರೇಡಿಯೊ ಹವ್ಯಾಸಿಗಳ ದನಿ ಬಹುಕಾಲದಿಂದ ಕೇಳಿಬಾರದಿದ್ದ ಆ ದ್ವೀಪಗಳಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತನಾಡುವುದಷ್ಟೇ ಉದ್ದೇಶವಾಗಿತ್ತು. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿ ಸುನಾಮಿ ಅಪ್ಪಳಿಸಿದಾಗ ಆ ತಂಡದ ಕೇಂದ್ರ ಆಗಲೇ ಕಾರ್ಯನಿರತವಾಗಿತ್ತು. ಹವ್ಯಾಸದ ಮಾತು ಅಲ್ಲಿಗೆ ನಿಂತಿತು. ಬದುಕಿದ್ದೇವೆ ಎಂದು ತಿಳಿಸುವ, ಬಂಧುಗಳನ್ನು ವಿಚಾರಿಸುವ ಸಂದೇಶಗಳು ಅದೇ ಕೇಂದ್ರದ ಮೂಲಕ ಮುಖ್ಯಭೂಮಿಗೆ ಹರಿದವು. ಅಲೆ ಬಂದ ಮೇಲೆ ಆಂಟೆನಾ ಕಟ್ಟಲು ಹೊರಟಿದ್ದರೆ ಮೊದಲ ಅಮೂಲ್ಯ ಗಂಟೆಗಳು ಕಳೆದುಹೋಗುತ್ತಿದ್ದವು. ನಮ್ಮ ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಹಲವು ಊರುಗಳು ರಸ್ತೆ, ವಿದ್ಯುತ್ತು, ಮೊಬೈಲ್ ಮೂರನ್ನೂ ಒಟ್ಟಿಗೆ ಕಳೆದುಕೊಂಡದ್ದನ್ನು ಕಂಡಿದ್ದೇವೆ. ವಿದ್ಯುತ್ ಹೋದ ಮೊಬೈಲ್ ಗೋಪುರ ಬ್ಯಾಟರಿ, ಡೀಸೆಲ್ ಇರುವಷ್ಟು ಹೊತ್ತು ಮಾತ್ರ ಉಸಿರಾಡುತ್ತದೆ. ಕೈಯಲ್ಲಿ ಫೋನಿರುವಾಗ ರೇಡಿಯೊ ಏಕೆ ಎಂದು ಕೇಳುವವರು ಇದನ್ನು ನೆನಪಿಡಬೇಕು.

ನಾನೀಗ ಇರುವುದು ಅಪಾರ್ಟ್‌ಮೆಂಟಿನಲ್ಲಿ. ಇಲ್ಲಿನ ನಿವಾಸಿಗಳ ಸಂಘಕ್ಕೆ ನಾನು ಸಲ್ಲಿಸಿದ ಮನವಿ ಗೋಪುರಕ್ಕಾಗಿ ಅಲ್ಲ, ಒಂದು ಡೈಪೋಲ್ ತಂತಿಗಾಗಿ. ಪರವಾನಗಿಯ ಪ್ರತಿ, ನಕ್ಷೆ, ಭೂಸಂಪರ್ಕದ ವಿವರ ಎಲ್ಲವನ್ನೂ ಲಗತ್ತಿಸಿದ್ದೆ. ತಿರಸ್ಕಾರಕ್ಕೆ ಲಿಖಿತ ಕಾರಣ ದೊರೆಯಲಿಲ್ಲ. ಮೌಖಿಕವಾಗಿ ಹೇಳಿದ್ದು ಮೂರು: ವಿಕಿರಣದ ಭಯ, ಸಿಡಿಲಿನ ಭಯ, ‘ನಾಳೆ ಎಲ್ಲರೂ ಕೇಳಿದರೆ?’ ಎಂಬ ಭಯ. ನೆರೆಹೊರೆಯವರು ದುಷ್ಟರೇನಲ್ಲ, ಅವರ ಆತಂಕ ಪ್ರಾಮಾಣಿಕವಾದದ್ದೇ. ಆದ್ದರಿಂದಲೇ ಅದಕ್ಕೆ ಉತ್ತರ ಕೊಡಬೇಕಾಗಿದೆ.

ಮೊದಲನೆಯದು ವಿಕಿರಣ. ಹವ್ಯಾಸಿ ಕೇಂದ್ರವನ್ನು ಮೊಬೈಲ್ ಗೋಪುರದೊಡನೆ ಹೋಲಿಸುವುದು ವಾಡಿಕೆ. ಮೊಬೈಲ್ ಗೋಪುರ ಹಗಲಿರುಳು ಪ್ರಸಾರ ಮಾಡುತ್ತದೆ. ಹವ್ಯಾಸಿ ಪ್ರಸಾರ ಮಾಡುವುದು ತಾನು ಮಾತನಾಡುವ ಕ್ಷಣಗಳಲ್ಲಿ ಮಾತ್ರ, ಉಳಿದಂತೆ ಬರೀ ಕೇಳುತ್ತಾನೆ. ಹಾಗೆಂದು ಎಚ್ಚರಿಕೆ ಬೇಡವೆಂದಲ್ಲ. ಪ್ರಸಾರದ ವೇಳೆ ಯಾರ ಕೈಗೂ ತಂತಿ ಎಟುಕಬಾರದು, ಜನ ಓಡಾಡುವ ಜಾಗದಿಂದ ಅದು ತಕ್ಕಷ್ಟು ಎತ್ತರದಲ್ಲಿರಬೇಕು. ಇದು ಅಳೆದು, ಲೆಕ್ಕ ಹಾಕಿ ಖಚಿತಪಡಿಸಿಕೊಳ್ಳಬಹುದಾದ ವಿಷಯ. ಭಾರತವು ಮೊಬೈಲ್ ಗೋಪುರಗಳಿಗೆ 2012ರ ಸೆಪ್ಟೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗದಷ್ಟು ಕಠಿಣ ಮಿತಿಯನ್ನು ಜಾರಿಗೆ ತಂದಿತು. ಭಯವನ್ನು ಅಳತೆಗೆ ಒಪ್ಪಿಸುವ ಆ ಮಾರ್ಗವನ್ನೇ ಇಲ್ಲಿಯೂ ಹಿಡಿಯಬಹುದು.

ಸಿಡಿಲಿನ ವಿಷಯದಲ್ಲಿ ಭಯಪಡಬೇಕಾದದ್ದು ಭೂಸಂಪರ್ಕವಿಲ್ಲದ ಲೋಹದ ಕಂಬಕ್ಕೆ. ಕಟ್ಟಡದ ಸಿಡಿಲು ರಕ್ಷಣಾ ವ್ಯವಸ್ಥೆಗೆ ಸರಿಯಾಗಿ ಜೋಡಿಸಿದ ಕಂಬ ಅದೇ ತಾರಸಿಯ ಮೇಲಿರುವ ನೀರಿನ ಟ್ಯಾಂಕಿನ ಕಬ್ಬಿಣದ ಏಣಿಗಿಂತ ಹೆಚ್ಚಿನ ಅಪಾಯ ತರುವುದಿಲ್ಲ. ಮೂರನೆಯ ಭಯಕ್ಕೆ ನನ್ನ ಉತ್ತರ ಇಷ್ಟೇ: ಪರೀಕ್ಷೆ ಬರೆದು ಪರವಾನಗಿ ಪಡೆಯುವವರು ಒಂದು ಕಟ್ಟಡದಲ್ಲಿ ಒಬ್ಬರೋ ಇಬ್ಬರೋ ಸಿಕ್ಕರೆ ಅದೇ ಹೆಚ್ಚು. ಹೆಚ್ಚು ಜನ ಮುಂದೆ ಬಂದರೆ ಒಂದೇ ಆಂಟೆನಾವನ್ನು ಹಂಚಿಕೊಳ್ಳಲು ಸಾಧ್ಯವಿದೆ. ಟಿ.ವಿ. ಡಿಶ್‌ಗಳನ್ನೂ ಸೌರ ವಾಟರ್ ಹೀಟರ್‌ಗಳನ್ನೂ ಹೊತ್ತ ತಾರಸಿಗೆ ಒಂದು ತಂತಿ ಭಾರವಾಗಲಾರದು.

ಕಾನೂನಿನ ಸ್ಥಿತಿ ಹೇಗಿದೆ ನೋಡಿ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಕಟ್ಟಡದ ಮೇಲ್ಛಾವಣಿಯನ್ನು ಸಾಮಾನ್ಯವಾಗಿ ಎಲ್ಲ ಮಾಲೀಕರ ಸಮಾನ ಸ್ವತ್ತಿನ ಪಟ್ಟಿಯಲ್ಲಿ ಸೇರಿಸುತ್ತದೆ. ಅದು ನ್ಯಾಯವೇ. ಆದರೆ ಸಮಾನ ಸ್ವತ್ತು ಎಂಬುದರ ಅರ್ಥ ಯಾರೂ ಬಳಸಬಾರದು ಎಂದಲ್ಲ, ನಿಯಮಕ್ಕೆ ಒಳಪಟ್ಟು ಬಳಸಬೇಕು ಎಂದು. ಕೇಂದ್ರ ಸರ್ಕಾರ ಪ್ರಸಾರಕ್ಕೆ ಪರವಾನಗಿ ಕೊಡುತ್ತದೆ. ಆಂಟೆನಾಕ್ಕೆ ಜಾಗ ಕೊಡುವ ಅಧಿಕಾರ ಸಂಘದ ಕೈಯಲ್ಲಿದೆ. ಈ ಎರಡರ ನಡುವೆ ಹವ್ಯಾಸಿ ತ್ರಿಶಂಕುವಾಗಿದ್ದಾನೆ. ಅಮೆರಿಕದ ಅನುಭವ ಇಲ್ಲಿ ಉಪಯುಕ್ತ. ಅಲ್ಲಿನ ಕೇಂದ್ರೀಯ ಸಂಪರ್ಕ ಆಯೋಗ 1985ರಲ್ಲಿ ಹೊರಡಿಸಿದ ಆದೇಶದಂತೆ ಸ್ಥಳೀಯ ಆಡಳಿತಗಳು ಹವ್ಯಾಸಿಗಳ ಆಂಟೆನಾಗಳಿಗೆ ಸಮಂಜಸ ಅವಕಾಶ ಕಲ್ಪಿಸಬೇಕು. ಆದರೆ ಆ ಆದೇಶ ಖಾಸಗಿ ವಸತಿ ಸಂಘಗಳ ಕರಾರುಗಳನ್ನು ಮುಟ್ಟಲಿಲ್ಲ. ಅಲ್ಲಿನ ಹವ್ಯಾಸಿಗಳ ದೊಡ್ಡ ಕೊರಗು ಇಂದಿಗೂ ಅದೇ. ಅವರು ಅರ್ಧಕ್ಕೆ ನಿಲ್ಲಿಸಿದ್ದನ್ನು ನಾವು ಪೂರ್ಣಗೊಳಿಸಬಹುದು, ಏಕೆಂದರೆ ನಮ್ಮ ನಗರಗಳ ಭವಿಷ್ಯವಿರುವುದು ಅಪಾರ್ಟ್‌ಮೆಂಟುಗಳಲ್ಲೇ.

ರಾಜ್ಯ ಸರ್ಕಾರ ಮಾದರಿ ಉಪನಿಯಮವೊಂದನ್ನು ರೂಪಿಸಲಿ. ಪರವಾನಗಿ ಉಳ್ಳವರು ತಂತಿ ಆಂಟೆನಾ ಅಥವಾ ಸಣ್ಣ ಕಂಬ ಹಾಕಲು ಸಂಘಕ್ಕೆ ಲಿಖಿತ ಸೂಚನೆ ಕೊಟ್ಟರೆ ಸಾಕು. ತಿರಸ್ಕರಿಸುವುದಾದರೆ ಸಂಘವು ನಿಗದಿತ ಅವಧಿಯೊಳಗೆ ಸಕಾರಣ ಉತ್ತರ ನೀಡಬೇಕು. ಅದಕ್ಕಿಂತ ಎತ್ತರದ ಗೋಪುರಕ್ಕೆ ಸ್ಟ್ರಕ್ಚರಲ್ ಎಂಜಿನಿಯರರ ಪ್ರಮಾಣಪತ್ರ, ವಿಮೆ, ವಿಮಾನ ನಿಲ್ದಾಣದ ಸುತ್ತಲಿನ ಎತ್ತರದ ನಿರ್ಬಂಧಗಳ ಪಾಲನೆ ಕಡ್ಡಾಯವಾಗಲಿ. ತಾರಸಿಯ ನೀರುನಿರೋಧಕ ಪದರಕ್ಕೆ ತೂತು ಕೊರೆಯದೆ ಕಾಂಕ್ರೀಟ್ ದಿಮ್ಮಿಯ ಮೇಲೆ ಕಂಬ ನಿಲ್ಲಿಸಬೇಕು, ಬಿದ್ದರೂ ವಿದ್ಯುತ್ ತಂತಿ ತಲುಪದಷ್ಟು ದೂರವಿರಬೇಕು ಎಂಬ ಷರತ್ತುಗಳಿರಲಿ. ವರ್ಷಕ್ಕೊಮ್ಮೆ ತಪಾಸಣೆ ನಡೆಸಿ ವರದಿ ಸಲ್ಲಿಸದ ಹವ್ಯಾಸಿಯ ಆಂಟೆನಾವನ್ನು ಕೆಳಗಿಳಿಸುವ ಹಕ್ಕು ಸಂಘಕ್ಕಿರಲಿ. ಪಕ್ಕದ ಮನೆಯ ಟಿ.ವಿ.ಗೋ ಧ್ವನಿವರ್ಧಕಕ್ಕೋ ಅಡ್ಡಿಯಾದರೆ ಅದನ್ನು ಪರಿಶೀಲಿಸಿ ಸರಿಪಡಿಸಲು ನೆರವಾಗುವ ಹೊಣೆಯೂ ಹವ್ಯಾಸಿಯದೇ ಆಗಲಿ. ಹಕ್ಕು ಕೇಳುವವರು ಹೊಣೆಯನ್ನೂ ಹೊರಬೇಕು.

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ತಮ್ಮ ವ್ಯಾಪ್ತಿಯ ಪರವಾನಗಿದಾರರ ಪಟ್ಟಿಯನ್ನು ಇಟ್ಟುಕೊಂಡು ವರ್ಷಕ್ಕೆರಡು ಬಾರಿಯಾದರೂ ಅಣಕು ಕಾರ್ಯಾಚರಣೆ ನಡೆಸುವುದೂ ಅಗತ್ಯ. ಮಳೆಗಾಲಕ್ಕೆ ಮುನ್ನ ಯಾವ ಕೇಂದ್ರ ಮಾತನಾಡುತ್ತದೆ, ಯಾವುದು ಮೂಕವಾಗಿದೆ ಎಂಬುದು ಆಗ ತಿಳಿಯುತ್ತದೆ.

ಇದರಲ್ಲಿ ಶಿಕ್ಷಣದ ಪ್ರಶ್ನೆಯೂ ಅಡಗಿದೆ. ಇಸ್ರೊ 2005ರ ಮೇ 5ರಂದು ಹವ್ಯಾಸಿಗಳಿಗೆಂದೇ ‘ಹ್ಯಾಮ್‌ಸ್ಯಾಟ್’ ಎಂಬ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 2025ರ ಜುಲೈ 4ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಡನೆ ಹ್ಯಾಮ್ ರೇಡಿಯೊ ಮೂಲಕವೇ ಮಾತನಾಡಿದರು. ಅಂದು ಆ ದನಿ ಕೇಳಿ ಕಣ್ಣರಳಿಸಿದ ಮಕ್ಕಳಲ್ಲಿ ಯಾರಾದರೂ ಪರೀಕ್ಷೆ ಬರೆದು ಕರೆಸಂಕೇತ ಪಡೆದರೆ, ಅವರ ಅಪಾರ್ಟ್‌ಮೆಂಟಿನಲ್ಲಿ ಎರಡು ಕಂಬಗಳ ನಡುವೆ ತಂತಿ ಕಟ್ಟಲು ಅವಕಾಶ ಸಿಗುತ್ತದೆಯೇ? ಬಾಹ್ಯಾಕಾಶದೊಡನೆ ಮಾತನಾಡಬಲ್ಲ ನಗರ ತನ್ನ ತಾರಸಿಗಳನ್ನು ಮುಚ್ಚಿಟ್ಟುಕೊಂಡರೆ ಮುಂದಿನ ಪೀಳಿಗೆಯ ಹವ್ಯಾಸಿಗಳು ಎಲ್ಲಿಂದ ಬರಬೇಕು?

ಬೀದಿಯಲ್ಲಿ ಅಗ್ನಿಶಾಮಕ ವಾಹನ ತಿರುಗಲು ಜಾಗ ಬಿಡುವುದನ್ನು ಯಾರೂ ಐಷಾರಾಮ ಎನ್ನುವುದಿಲ್ಲ. ಪರವಾನಗಿ ಪಡೆದು, ಹೊಣೆಯರಿತು, ಸ್ವಂತ ಖರ್ಚಿನಲ್ಲಿ ಕೇಂದ್ರವೊಂದನ್ನು ಸಜ್ಜಾಗಿಡಲು ಸಿದ್ಧರಿರುವವರಿಗೆ ತಾರಸಿಯಲ್ಲಿ ಕೊಡುವ ಜಾಗವೂ ಅದೇ ಬಗೆಯದು. ಮುಂದಿನ ಮಳೆಗಾಲ ಯಾವ ಜಿಲ್ಲೆಯ ಮೇಲೆ ಮುನಿಯುತ್ತದೋ ಬಲ್ಲವರಿಲ್ಲ. ನಿವಾಸಿಗಳ ಸಂಘಗಳು ತಮ್ಮ ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೊಂದು ಸಾಲು ಮೀಸಲಿಡಲಿ.