ಪಾಲಕರ ಸಭೆಯೂ ಉಪಾಧ್ಯಾಯರ ಕರ್ತವ್ಯವೂ

ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇರೆಗೆ 2001ರಲ್ಲಿ ಕರ್ನಾಟಕ ಸರ್ಕಾರವು ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು (ಎಸ್‌ಡಿಎಂಸಿ) ಏರ್ಪಡಿಸಿ, ಅವುಗಳ ಅಧ್ಯಕ್ಷ ಪದವಿಯನ್ನು ಪಾಲಕರ ಕೈಗೇ ಒಪ್ಪಿಸಿದುದು ನಿಸ್ಸಂದೇಹವಾಗಿ ದೊಡ್ಡ ಕಾರ್ಯ. ಆದರೆ ಅಂದಿನಿಂದ ಎಸ್‌ಡಿಎಂಸಿಯ ಕುರಿತು ನಡೆದಿರುವ ವಾದದ ಬಹುಭಾಗವು ಅಧ್ಯಕ್ಷರು ಯಾರಾಗಬೇಕು, ಶಾಸಕರ ಮಾತು ಎಷ್ಟು ನಡೆಯಬೇಕು, ಖರ್ಚಿನ ಲೆಕ್ಕಕ್ಕೆ ಯಾರ ರುಜು ಬೀಳಬೇಕು ಎಂಬುದರಲ್ಲಿಯೇ ಕಳೆದುಹೋಗಿ, ತರಗತಿಯಲ್ಲಿ ನಿಂತು ಪಾಠ ಹೇಳುವ ಉಪಾಧ್ಯಾಯರು ಪಾಲಕರೊಡನೆ ಕುಳಿತು ಮಾತನಾಡತಕ್ಕದ್ದೋ ಅಲ್ಲವೋ ಎಂಬ ಮೂಲಪ್ರಶ್ನೆಯು ಅನಾಥವಾಗಿ ಉಳಿದಿದೆ. ಮುಖ್ಯೋಪಾಧ್ಯಾಯರು ಸಮಿತಿಯ ಸದಸ್ಯ ಕಾರ್ಯದರ್ಶಿಗಳು; ಅವರು ಠರಾವು ಬರೆಯುತ್ತಾರೆ, ಪಾಲಕರು ರುಜು ಹಾಕುತ್ತಾರೆ, ಇಲ್ಲವೆ ಹೆಬ್ಬೆಟ್ಟು ಒತ್ತುತ್ತಾರೆ. ಉಳಿದ ಉಪಾಧ್ಯಾಯರಿಗೆ ಆ ಸಭೆ ತಮ್ಮದೆಂಬ ಭಾವನೆಯೇ ಹುಟ್ಟುವುದಿಲ್ಲ.

ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿನಂತಹ ಸೀಮೆಯಲ್ಲಿ ಈ ದೂರವನ್ನು ಸಹಿಸಲಾಗದು. 2011ರ ಜನಗಣತಿಯಂತೆ ಈ ಜಿಲ್ಲೆಯ ಸಾಕ್ಷರತೆ ಶೇಕಡ 60ನ್ನೂ ಮುಟ್ಟಿರಲಿಲ್ಲ. ಹೆಂಗಸರಲ್ಲಿ ಓದುಬರಹ ಬಲ್ಲವರು ಅರ್ಧಕ್ಕಿಂತಲೂ ಕಡಿಮೆ. ಮಗಳ ಅಂಕಪಟ್ಟಿಯನ್ನು ಓದಲಾರದ ತಾಯಿಗೆ, ಅದರಲ್ಲಿಯೂ ಮನೆಯಲ್ಲಿ ತೆಲುಗನ್ನಾಡುವ ತಾಯಿಗೆ, ಮಗುವಿನ ಕಲಿಕೆಯನ್ನು ತಿಳಿಸಬಲ್ಲ ಸಾಧನವು ಉಪಾಧ್ಯಾಯರ ಬಾಯಿಮಾತೊಂದೇ. ಹತ್ತಿ ಬಿಡಿಸುವ ಕಾಲ ಬಂದಿತೆಂದರೆ ಹೊಲಕ್ಕೆ ಆಳುಗಳನ್ನು ಹೊತ್ತು ಹೋಗುವ ಟಂಟಂಗಳಲ್ಲಿ ಶಾಲೆಯ ಮಕ್ಕಳೂ ಇರುತ್ತಾರೆಂಬುದು ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಯಾರಿಗೂ ಗುಟ್ಟಲ್ಲ. ಯಾವ ಮಗು ಯಾವ ದಿನದಿಂದ ಬರುತ್ತಿಲ್ಲ, ಅದಕ್ಕೆ ಮೊದಲೇ ಯಾವ ಲೆಕ್ಕದಲ್ಲಿ ತಡವರಿಸತೊಡಗಿತ್ತು ಎಂಬುದನ್ನು ತರಗತಿಯ ಉಪಾಧ್ಯಾಯರು ಬಲ್ಲರು. ಮನೆಯ ಸಾಲವೆಷ್ಟು, ಮುಂಗಡ ಕೊಟ್ಟವರಾರು, ಚಿಕ್ಕ ಕೂಸನ್ನು ನೋಡಿಕೊಳ್ಳುವವರಾರು ಎಂಬುದನ್ನು ತಾಯಿ ಬಲ್ಲಳು. ಇವರಿಬ್ಬರೂ ಎದುರುಬದುರು ಕೂಡದಿದ್ದರೆ ಮಗುವನ್ನು ಮರಳಿ ಕರೆತರುವ ಉಪಾಯವು ಎಷ್ಟು ಸುತ್ತೋಲೆಗಳಿಂದಲೂ ಹೊಳೆಯಲಾರದು.

ಉಪಾಧ್ಯಾಯರ ಆಕ್ಷೇಪಣೆಯನ್ನು ನಾನು ಲಘುವಾಗಿ ಕಾಣುವವನಲ್ಲ. ಇರುವ ಹೊರೆಯೇ ಬೆನ್ನು ಮುರಿಯುತ್ತಿರುವಾಗ ಇನ್ನೊಂದೇಕೆ ಎಂದು ಅವರು ಕೇಳುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಅವರನ್ನೇ ಗಣತಿದಾರರನ್ನಾಗಿ ಮನೆಮನೆಗೆ ಕಳುಹಿಸಿ, ಅದು ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಬೇಕಾಯಿತು. ಆದರೆ ಶಿಕ್ಷಣ ಹಕ್ಕು ಕಾಯಿದೆಯನ್ನು ತೆರೆದು ನೋಡಬೇಕು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತಾಗಿ ಶಿಕ್ಷಣಕ್ಕೆ ಸಂಬಂಧಿಸದ ಕಾರ್ಯಗಳಿಗೆ ಉಪಾಧ್ಯಾಯರನ್ನು ನಿಯೋಜಿಸಕೂಡದೆಂದು ಅದರ 27ನೆಯ ಪ್ರಕರಣವು ವಿಧಿಸಿದರೆ, 24ನೆಯ ಪ್ರಕರಣವು ಪಾಲಕರೊಡನೆ ಕ್ರಮವಾಗಿ ಸಭೆ ನಡೆಸಿ, ಮಗುವಿನ ಹಾಜರಾತಿಯನ್ನೂ ಕಲಿಕೆಯ ಪ್ರಗತಿಯನ್ನೂ ತಿಳಿಸುವುದನ್ನು ಉಪಾಧ್ಯಾಯರ ಕರ್ತವ್ಯವೆಂದು ಎಣಿಸಿದೆ. ಅಂದಮೇಲೆ ಪಾಲಕರ ಸಭೆ ಹೊಸ ಹೊರೆಯಲ್ಲ, ವೃತ್ತಿಯ ಅಂಗ. ಉಪಾಧ್ಯಾಯರ ಸಂಘಗಳು 27ನೆಯ ಪ್ರಕರಣಕ್ಕಾಗಿ ಹೋರಾಡಲಿ. ಆ ಹೋರಾಟ ನ್ಯಾಯವಾದುದು. ಆದರೆ ಅದೇ ಕಾಯಿದೆಯ 24ನೆಯ ಪ್ರಕರಣವನ್ನು ಬದಿಗೊತ್ತಿ 27ನೆಯದನ್ನು ಕೇಳುವ ನೈತಿಕ ಅಧಿಕಾರ ಯಾರಿಗೂ ಇಲ್ಲ.

ಸಭೆಯಲ್ಲಿ ಊರ ಮುಖಂಡರು ದರ್ಪ ತೋರುತ್ತಾರೆಂಬ ಭಯವೂ ಇದೆ. ಉಪಾಧ್ಯಾಯರು ಗೈರುಹಾಜರಾದಷ್ಟೂ ಆ ದರ್ಪಕ್ಕೆ ಸ್ಥಳ ಹೆಚ್ಚುತ್ತದೆಯೇ ಹೊರತು ಕುಗ್ಗದು. ಪಾಲಕರಿಗೂ ಸಂಶಯವುಂಟು. 2022ರ ಅಕ್ಟೋಬರಿನಲ್ಲಿ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅನುಮತಿಯಿತ್ತ ಸುತ್ತೋಲೆಯನ್ನು ಜನರ ಆಕ್ರೋಶದಿಂದ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಳ್ಳಬೇಕಾಯಿತು. ಹಣಕ್ಕಾಗಿ ಮಾತ್ರ ಕರೆಯುತ್ತಾರೆಂದು ಭಾವಿಸಿದ ಪಾಲಕರು ಎರಡನೆಯ ಸಲ ಬರುವುದಿಲ್ಲ.

ಬೆಳಗಿನ ಹನ್ನೊಂದು ಗಂಟೆಗೆ ಕರೆದ ಸಭೆಯು ಕೂಲಿಯವರಿಗೆ ಒಂದು ದಿನದ ಅನ್ನದ ನಷ್ಟ. ಆದುದರಿಂದ ಸಭೆ ಸಂಜೆಯಲ್ಲಿಯೋ ಕೂಲಿಗೆ ಬಿಡುವಿರುವ ದಿನದಲ್ಲಿಯೋ ಕೂಡಲಿ. ರಾಯಚೂರಿನಿಂದ ಬಸ್ಸಿನಲ್ಲಿ ಬಂದುಹೋಗುವ ಉಪಾಧ್ಯಾಯರಿಗೆ ಆ ಹೊತ್ತನ್ನು ಕೆಲಸದ ಅವಧಿಯೆಂದೇ ಎಣಿಸಿ, ಬದಲಿಗೆ ಬಿಡುವು ಕೊಡಲಿ. ಖಾಯಂ ಉಪಾಧ್ಯಾಯರಿಲ್ಲದೆ ಅತಿಥಿ ಶಿಕ್ಷಕರನ್ನೇ ನೆಚ್ಚಿರುವ ಶಾಲೆಗಳಲ್ಲಿ, ಮಗುವನ್ನು ನಿತ್ಯವೂ ಕಾಣುವವರು ಅವರೇ ಆಗಿರುವುದರಿಂದ, ಅವರನ್ನೂ ಸಭೆಗೆ ಆಹ್ವಾನಿಸಿ, ಆ ಹೊತ್ತಿಗೂ ಸಂಭಾವನೆಯನ್ನು ಸಲ್ಲಿಸತಕ್ಕದ್ದು.