ಫಾರ್ಮ್ಯಾಟ್ ಹೊಡೆಯೋ ಮುಂಚೆ ಕಾರಣ ಹೇಳಿ

ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ ಮಲಗಿಬಿಟ್ರೆ ನಮ್ಮಲ್ಲಿ ಇರೋದು ಒಂದೇ ಮದ್ದು: ‘ಫಾರ್ಮ್ಯಾಟ್ ಹೊಡೀಬೇಕು ಸಾರ್.’ ಎಸ್.ಪಿ. ರೋಡಿನ ಅಂಗಡಿ ಇರಲಿ, ದೊಡ್ಡ ಕಂಪನಿಯ ಹೆಲ್ಪ್‌ಡೆಸ್ಕ್ ಇರಲಿ, ಮಾತು ಅದೇ. ನಾವೂ ತಲೆಯಾಡಿಸಿ ಬರ್ತೀವಿ. ಪ್ರೊಡಕ್ಷನ್ ಸರ್ವರ್ ಹತ್ತು ನಿಮಿಷ ಬಿದ್ರೆ ‘ರೂಟ್ ಕಾಸ್ ಏನು?’ ಅಂತ ನಾಲ್ಕು ಮೀಟಿಂಗ್ ಕರೆಯೋ ಜನ, ನಮ್ಮದೇ ಮೆಷಿನ್ ವಿಷಯದಲ್ಲಿ ಒಂದು ಸಲವೂ ‘ಯಾಕೆ?’ ಅಂತ ಕೇಳಲ್ಲ. ನೆಗಡಿ ಬಂತು ಅಂತ ಮೂಗು ಕೊಯ್ಯೋದು ಅಂದ್ರೆ ಇದೇ.

ಆ ಪರದೆ ಸುಮ್ಮನೆ ಬರಲ್ಲ. ಅದರಲ್ಲೊಂದು ಸ್ಟಾಪ್ ಕೋಡ್ ಇರುತ್ತೆ, ಅದನ್ನು ಯಾರೂ ಓದಲ್ಲ ಅಷ್ಟೇ. ಸ್ಟೋರೇಜ್ ಡ್ರೈವರನ್ನೇ ತಗೊಳ್ಳಿ. ವಿಂಡೋಸ್‌ಗೂ ಎಸ್‌ಎಸ್‌ಡಿಗೂ ನಡುವಿನ ಮಾತುಕತೆ ನಡೆಸೋದು ಅದು. ಕೇಳಿದ ಡೇಟಾ ಹೊತ್ತಿಗೆ ಸರಿಯಾಗಿ ಬರದಿದ್ರೆ ವಿಂಡೋಸ್ ಆ ಸಾಧನವನ್ನೇ ರೀಸೆಟ್ ಮಾಡುತ್ತೆ. ನಿಮ್ಮ ಪರದೆ ಅರ್ಧ ನಿಮಿಷ ಕಲ್ಲಾಗಿ ಕೂತು ಮತ್ತೆ ಓಡೋದು ಎಷ್ಟೋ ಸಲ ಇದೇ ಕಾರಣಕ್ಕೆ. ಇವೆಂಟ್ ವ್ಯೂವರ್ ತೆರೆದು ನೋಡಿ, ‘ಸ್ಟೋರ್‌ಎಎಚ್‌ಸಿಐ’ ಅಥವಾ ‘ಸ್ಟೋರ್‌ಎನ್‌ವಿಎಂಇ’ ಹೆಸರಲ್ಲಿ 129 ನಂಬರಿನ ಎಚ್ಚರಿಕೆ ಸಾಲಾಗಿ ಬಿದ್ದಿರುತ್ತೆ. ತಪ್ಪು ಡ್ರೈವರ್‌ದೋ, ಫರ್ಮ್‌ವೇರ್‌ದೋ, ಪವರ್ ಸೆಟ್ಟಿಂಗ್‌ದೋ, ಸಾಯ್ತಿರೋ ಡಿಸ್ಕ್‌ದೋ ಅಂತ ಅಲ್ಲಿಂದ ಹುಡುಕಬೇಕು.

‘ಡಿಪಿಸಿ ವಾಚ್‌ಡಾಗ್ ವಯಲೇಷನ್’ ಅನ್ನೋ ಕೋಡ್ ಬರುತ್ತಲ್ಲ, ವಿಂಡೋಸ್ 8, 10ರ ಕಾಲದಲ್ಲಿ ಅದಕ್ಕೊಂದು ಪ್ರಸಿದ್ಧ ಕಾರಣ ಹಳೆಯ ಸಾಟಾ ಡ್ರೈವರ್. ಡಿವೈಸ್ ಮ್ಯಾನೇಜರ್‌ನಲ್ಲಿ ಅದನ್ನು ತೆಗೆದು ವಿಂಡೋಸ್‌ನದೇ ‘ಸ್ಟ್ಯಾಂಡರ್ಡ್ ಸಾಟಾ ಎಎಚ್‌ಸಿಐ ಕಂಟ್ರೋಲರ್’ ಹಾಕಿದ್ರೆ ಎಷ್ಟೋ ಮೆಷಿನ್ ಸರಿಹೋದವು. ಐದು ನಿಮಿಷದ ಕೆಲಸ. ‘ಇನ್ಯಾಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ಬಂದ್ರೆ ಬಯೋಸ್ ನೋಡಿ. ಬಯೋಸ್ ಅಪ್‌ಡೇಟ್ ಆದಾಗಲೋ ಒಳಗಿನ ಪುಟ್ಟ ಬ್ಯಾಟರಿ ಸತ್ತಾಗಲೋ ಸ್ಟೋರೇಜ್ ಸೆಟ್ಟಿಂಗ್ ರೇಡ್‌ನಿಂದ ಎಎಚ್‌ಸಿಐಗೆ ಬದಲಾಗಿರಬಹುದು. ಡೇಟಾ ಒಳಗೆ ಹಾಗೇ ಇದೆ, ವಿಂಡೋಸ್‌ಗೆ ಬಾಗಿಲು ಸಿಗ್ತಿಲ್ಲ ಅಷ್ಟೇ. ಸೆಟ್ಟಿಂಗ್ ವಾಪಸ್ ಇಟ್ರೆ ಬೂಟ್ ಆಗುತ್ತೆ. ಬಾಗಿಲು ಸಿಗಲಿಲ್ಲ ಅಂತ ಮನೆ ಕೆಡವ್ತೀರಾ? (ಬಯೋಸ್ ಮುಟ್ಟೋ ಮುಂಚೆ ಬಿಟ್‌ಲಾಕರ್ ರಿಕವರಿ ಕೀ ಕೈಯಲ್ಲಿರಲಿ.)

ಇನ್ನೂ ತಮಾಷೆ ಏನಂದ್ರೆ, ತಪ್ಪು ಡ್ರೈವರ್‌ದೇ ಆಗಿದ್ರೆ ಫಾರ್ಮ್ಯಾಟ್‌ನಿಂದ ಅದು ಹೋಗೋ ಗ್ಯಾರಂಟಿಯೂ ಇಲ್ಲ. ವಿಂಡೋಸ್ ಅಪ್‌ಡೇಟ್ ಅದೇ ಡ್ರೈವರನ್ನು ಮತ್ತೆ ತಂದು ಕೂರಿಸಬಹುದು. ನೀಲಿ ಪರದೆ ವಾಪಸ್ ಬರುತ್ತೆ, ಮಗುವಿನ ಫೋಟೋಗಳು ಬರಲ್ಲ. ಇನ್ನು ಡಿಸ್ಕೇ ಸಾಯ್ತಿದ್ರೆ ಮೊದಲು ಮಾಡಬೇಕಾದ್ದು ಬ್ಯಾಕಪ್. ಆಗ ಫಾರ್ಮ್ಯಾಟ್ ಹೊಡೆಯೋದು ಉಳಿದಿದ್ದನ್ನೂ ಕಳೆಯೋ ದಾರಿ.

ದೊಡ್ಡ ಉದಾಹರಣೆ ಬೇಕಾ? 2024ರ ಜುಲೈ 19. ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್ ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ರು. ಅದು ಸ್ಟೋರೇಜ್ ಡ್ರೈವರ್ ಅಲ್ಲ, ಸೆಕ್ಯುರಿಟಿ ಸಾಫ್ಟ್‌ವೇರ್‌ದು. ಪಾಠ ಮಾತ್ರ ಅದೇ. ಪರಿಹಾರ ಫಾರ್ಮ್ಯಾಟ್ ಆಗಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಒಂದು ಕೆಟ್ಟ ಫೈಲ್ ಅಳಿಸೋದಾಗಿತ್ತು. ಕಾರಣ ಹುಡುಕಿದ್ದಕ್ಕೆ ಆ ದಾರಿ ಸಿಕ್ತು.

‘ಕಾರಣ ಹುಡುಕೋಕೆ ಟೈಮ್ ಎಲ್ಲಿದೆ?’ ಅಂತಾರೆ. ಹೆಲ್ಪ್‌ಡೆಸ್ಕ್ ಹುಡುಗನನ್ನು ನಾನು ಬೈಯಲ್ಲ. ದಿನಕ್ಕೆ ಎಷ್ಟು ಟಿಕೆಟ್ ಮುಚ್ಚಿದೆ ಅಂತ ಅಳೆಯೋ ಮ್ಯಾನೇಜರ್ ಮೇಲಿರುವಾಗ ಅವನು ಹತ್ತಿರದ ದಾರಿ ಹಿಡೀತಾನೆ. ಆದ್ರೆ ಅವನು ಉಳಿಸಿದ ಒಂದು ಗಂಟೆಗೆ ನೀವು ಎರಡು ದಿನ ಸಾಫ್ಟ್‌ವೇರ್ ಹಾಕ್ಕೊಂಡು, ಲಾಗಿನ್ ಹುಡುಕ್ಕೊಂಡು ಕೂರ್ತೀರಲ್ಲ, ಆ ಲೆಕ್ಕ ಯಾರ ಟಿಕೆಟ್‌ನಲ್ಲಿದೆ?

ಹಾಗಾಗಿ ಮುಂದಿನ ಸಲ ಮೆಷಿನ್ ಒಪ್ಪಿಸೋ ಮುಂಚೆ ಪರದೆಯ ಫೋಟೋ ತೆಗೀರಿ, ಮೂರು ಪ್ರಶ್ನೆ ಕೇಳಿ. ಸ್ಟಾಪ್ ಕೋಡ್ ಏನು? ಇವೆಂಟ್ ವ್ಯೂವರ್ ನೋಡಿದ್ರಾ? ನನ್ನ ಡೇಟಾ ಬ್ಯಾಕಪ್ ಆಗಿದ್ಯಾ? ಉತ್ತರ ಬರೋವರೆಗೂ ‘ಸರಿ, ಹೊಡೀರಿ’ ಅನ್ನಬೇಡಿ.