ಜಾಲತಾಣದ ಪ್ರಚಾರವೂ ಲೆಕ್ಕಪತ್ರದ ಹೊಣೆಯೂ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ ಮೊದಲಾದ ನಗರಗಳಲ್ಲಿ ನೆಲಸಿರುವ ನಮ್ಮವರ ಸಂಘಸಂಸ್ಥೆಗಳು ವಿದ್ಯಾರ್ಥಿವೇತನಕ್ಕಾಗಲಿ ವೈದ್ಯಕೀಯ ನೆರವಿಗಾಗಲಿ ಹಣ ಕೂಡಿಸಬೇಕಾದಾಗ, ಹಿಂದೆ ಕಾರ್ಯಕರ್ತರು ರಸೀತಿ ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಇಂದು ಆ ಕೆಲಸದ ಬಹುಭಾಗವನ್ನು ವಾಟ್ಸ್‌ಆ್ಯಪ್, ಫೇಸ್‌ಬುಕ್, ಯೂಟ್ಯೂಬ್‌ಗಳು ವಹಿಸಿಕೊಂಡಿವೆ. ಉಪಾಹಾರಗೃಹದವರೂ ಗಿರಾಕಿಗಳನ್ನು ಅಲ್ಲಿಯೇ ಅರಸುತ್ತಿದ್ದಾರೆ. ಇದು ಕಾಲಧರ್ಮ, ಇದನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಆದರೆ ಈ ಸಾಧನದಿಂದ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ವಿವೇಚಿಸದೆ ಅದರ ಬೆನ್ನು ಹತ್ತುವುದು ಅಪಾಯಕರ.

ಇದರ ಶಕ್ತಿ ಎಷ್ಟೆಂಬುದಕ್ಕೆ 2014ರ ‘ಐಸ್ ಬಕೆಟ್’ ಆಂದೋಲನವೇ ಸಾಕ್ಷಿ. ತಲೆಯ ಮೇಲೆ ಮಂಜುಗಡ್ಡೆಯ ನೀರು ಸುರಿದುಕೊಂಡು, ಆ ದೃಶ್ಯವನ್ನು ಜಾಲತಾಣದಲ್ಲಿ ಪ್ರಕಟಿಸಿ, ಇತರರಿಗೂ ಸವಾಲೊಡ್ಡುವುದು ಅದರ ಕ್ರಮ. ಎ.ಎಲ್.ಎಸ್. ಎಂಬ ಭೀಕರ ನರರೋಗದ ನಿವಾರಣೆಗೆ ದುಡಿಯುವ ಅಮೆರಿಕದ ಸಂಸ್ಥೆಯೊಂದಕ್ಕೆ ಇದರಿಂದ ಕೆಲವೇ ವಾರಗಳಲ್ಲಿ 11.5 ಕೋಟಿ ಡಾಲರು ಸಂದಿತು. ಅದೇ ವರ್ಷ ಹೈದರಾಬಾದಿನ ಪತ್ರಕರ್ತೆಯೊಬ್ಬರು ಇದನ್ನು ನಮ್ಮ ದೇಶಕ್ಕೆ ಒಪ್ಪುವಂತೆ ಮಾರ್ಪಡಿಸಿ, ಹಸಿದವರಿಗೆ ಒಂದು ಬಕೆಟ್ ಅಕ್ಕಿ ಕೊಡುವ ‘ರೈಸ್ ಬಕೆಟ್’ ಸವಾಲನ್ನು ಹೊರಡಿಸಿದರು. ಎರಡರಲ್ಲಿಯೂ ಕೇಳಿದುದು ಯಾರಿಂದಲೂ ಆಗಬಹುದಾದ, ಕಣ್ಣಿಗೆ ಕಾಣುವ ಒಂದು ಸಣ್ಣ ಕೆಲಸವನ್ನು. “ಉದಾರವಾಗಿ ಸಹಾಯ ಮಾಡಿರಿ” ಎಂಬ ಮೊರೆಗಿಂತ “ಒಬ್ಬ ವಿದ್ಯಾರ್ಥಿಯ ಪಠ್ಯಪುಸ್ತಕಗಳಿಗೆ ಇಷ್ಟು ರೂಪಾಯಿ ಬೇಕು” ಎಂಬ ಮಾತು ಹೆಚ್ಚು ಫಲಕಾರಿ.

ಆದರೆ ಅಮೆರಿಕದಲ್ಲಿ ಆ ಸವಾಲನ್ನು 2015ರಲ್ಲಿ ಪುನಃ ಒಡ್ಡಿದಾಗ ಕೂಡಿದುದು ಹಿಂದಿನ ವರ್ಷದ ಅಲ್ಪಾಂಶ ಮಾತ್ರ. ಜನರ ಗಮನ ಬಂದ ವೇಗದಲ್ಲಿಯೇ ಸರಿದು ಹೋಗಿತ್ತು. ಉಳಿದುದು ಹಣದ ಸದ್ವಿನಿಯೋಗ. ಅದರ ನೆರವಿನಿಂದ ನಡೆದ ಸಂಶೋಧನೆಯಲ್ಲಿ 2016ರಲ್ಲಿ ಆ ರೋಗಕ್ಕೆ ಸಂಬಂಧಿಸಿದ ಜೀನೊಂದು ಪತ್ತೆಯಾದಾಗ, ತಾವು ಕೊಟ್ಟುದು ಸಾರ್ಥಕವಾಯಿತೆಂದು ದಾನಿಗಳಿಗೆ ತಿಳಿಯಿತು.

ಇದಕ್ಕೆ ವಿರುದ್ಧವಾದ ಪಾಠವನ್ನು ದಿಲ್ಲಿ ಕಲಿಸಿದೆ. 2020ರ ಅಕ್ಟೋಬರಿನಲ್ಲಿ ಮಾಳವೀಯ ನಗರದಲ್ಲಿ ಚಿಕ್ಕ ಊಟದ ಅಂಗಡಿ ನಡೆಸುತ್ತಿದ್ದ ವೃದ್ಧ ದಂಪತಿಗಳ ಕಷ್ಟವನ್ನು ತೋರಿಸಿದ ವೀಡಿಯೊ ದೇಶವನ್ನೆಲ್ಲ ಕಲಕಿತು. ಗಿರಾಕಿಗಳು ಸಾಲುಗಟ್ಟಿದರು, ದೇಣಿಗೆಯೂ ಹರಿದು ಬಂದಿತು. ಆದರೆ ತಿಂಗಳೊಂದು ತುಂಬುವ ವೇಳೆಗೆ ಆ ದೇಣಿಗೆಯ ಲೆಕ್ಕದ ವಿಷಯದಲ್ಲಿ ವಿವಾದವೆದ್ದು ದೂರು ಪೋಲೀಸರವರೆಗೆ ಹೋಯಿತು. ಡಿಸೆಂಬರಿನಲ್ಲಿ ತೆರೆದ ಹೊಸ ಹೋಟೆಲು ಖರ್ಚಿನ ಭಾರವನ್ನು ತಾಳಲಾರದೆ ಕೆಲವೇ ತಿಂಗಳಲ್ಲಿ ಮುಚ್ಚಿತು. ದಂಪತಿಗಳು ಹಳೆಯ ಅಂಗಡಿಗೇ ಹಿಂದಿರುಗಿದರು. ಕನಿಕರದಿಂದ ಬಂದ ಗಿರಾಕಿ ಒಮ್ಮೆ ಬರುತ್ತಾನೆ. ರುಚಿ, ಶುಚಿ, ಹಿತವಾದ ದರಗಳನ್ನು ನಂಬಿದವನು ಮತ್ತೆ ಮತ್ತೆ ಬರುತ್ತಾನೆ. ಪರನಗರಗಳಲ್ಲಿ ಉಡುಪಿಯ ಹೋಟೆಲುಗಳು ಹೆಸರು ಗಳಿಸಿದುದೂ ಈ ನಂಬಿಕೆಯ ಬಲದಿಂದಲೇ.

ಆದುದರಿಂದ ವ್ಯಾಪಾರಸ್ಥರು ಜಾಲತಾಣದಲ್ಲಿ ಮೊದಲು ಕೊಡಬೇಕಾದುದು ಸರಿಯಾದ ವೇಳೆ, ದರ, ವಿಳಾಸ. ದೂರು ಬಂದರೆ ವಿನಯದ ಉತ್ತರ. ಹಣವನ್ನೋ ಉಚಿತ ಸತ್ಕಾರವನ್ನೋ ಪಡೆದು ಹೊಗಳುವವರು ಆ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಕೊಂಡುಕೊಂಡ ಹೊಗಳಿಕೆಯನ್ನು ಗಿರಾಕಿಯ ಮೆಚ್ಚುಗೆಯೆಂದು ತೋರಿಸುವುದು ಗ್ರಾಹಕನಿಗೆ ಬಗೆಯುವ ವಂಚನೆಯೇ ಸರಿ.

ಸಂಘಗಳ ಹೊಣೆ ಇನ್ನೂ ಹೆಚ್ಚಿನದು. ದೇಣಿಗೆ ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೇ ಸೇರಬೇಕು. ಕಾರ್ಯಕರ್ತ ಎಷ್ಟೇ ಪ್ರಾಮಾಣಿಕನಾಗಿರಲಿ, ಅವನ ಸ್ವಂತ ಫೋನಿನ ಖಾತೆಗೆ ಬರಕೂಡದು. ವಿದೇಶದಲ್ಲಿದ್ದು ಅಲ್ಲಿನ ಪೌರತ್ವ ಪಡೆದ ಬಂಧುಗಳು ಮನವಿಯನ್ನು ಕಂಡು ಹಣ ಕಳುಹಿಸಲು ಮುಂದಾದರೆ, 2010ರ ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅದನ್ನು ಸ್ವೀಕರಿಸುವಂತಿಲ್ಲ. ನೆರವು ಪಡೆದ ಬಾಲಕನ ಭಾವಚಿತ್ರವನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಪ್ರಕಟಿಸುವುದೂ ಸಲ್ಲದು. ಸಹಾಯದ ಬೆಲೆಯಾಗಿ ಮಾನವನ್ನು ಕೇಳುವುದು ದಾನದ ಲಕ್ಷಣವಲ್ಲ. ಫೇಸ್‌ಬುಕ್ಕಿನ ಪ್ರಕಟಣೆ ಯಾರ ಕಣ್ಣಿಗೆ ಬೀಳಬೇಕೆಂಬುದನ್ನು ಆ ಕಂಪೆನಿಯ ಯಂತ್ರವೇ ನಿರ್ಧರಿಸುವುದರಿಂದ, ಸದಸ್ಯರ ವಿಳಾಸ ಹಾಗೂ ದೂರವಾಣಿಗಳ ಪಟ್ಟಿಯನ್ನು ಸಂಘವು ತನ್ನಲ್ಲಿಯೂ ಇರಿಸಿಕೊಳ್ಳುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾಗಿ, ಮನವಿ ಹೊರಟ ದಾರಿಯಲ್ಲಿಯೇ ಲೆಕ್ಕವೂ ಹೊರಡಬೇಕು. ಎಷ್ಟು ಬಂದಿತು, ಎಷ್ಟು ವೆಚ್ಚವಾಯಿತು, ಎಷ್ಟು ಉಳಿಯಿತು ಎಂಬ ನಾಲ್ಕು ಸಾಲಿನ ವಿವರ ಸಾಕು. ಪರಸ್ಥಳದಲ್ಲಿರುವ ನಮ್ಮವರಲ್ಲಿ ಒಂದು ಸಂಘದ ಮೇಲೆ ಹುಟ್ಟಿದ ಸಂಶಯ ಉಳಿದ ಸಂಘಗಳ ಬಾಗಿಲನ್ನೂ ಮುಚ್ಚಿಸುತ್ತದೆ. ಅದರ ನಷ್ಟ ತಟ್ಟುವುದು ಶುಲ್ಕಕ್ಕಾಗಿ ಕಾದಿರುವ ಬಡ ವಿದ್ಯಾರ್ಥಿಗೆ. ನಮ್ಮ ಸಂಘಗಳ ಪದಾಧಿಕಾರಿಗಳು ಮುಂದಿನ ಮನವಿಯನ್ನು ಕಳುಹಿಸುವ ಮುನ್ನ ಹಿಂದಿನ ಮನವಿಯ ಲೆಕ್ಕವನ್ನು ಸದಸ್ಯರ ಮುಂದಿಡುವರೆಂದು ಆಶಿಸೋಣ.